ಲೆನ್ಸಿನ ಮುಚ್ಚಳ

ಒಂದು ಸಣ್ಣ ದೃಶ್ಯದಿಂದ ಶುರು ಮಾಡುತ್ತೇನೆ. ನಿಮ್ಮಲ್ಲಿ ಐವತ್ತರ ಆಸುಪಾಸಿನವರು ಇದನ್ನು ವಿಡಿಯೊ ಕ್ಯಾಸೆಟ್ಟಿನಲ್ಲಾದರೂ ನೋಡಿರುತ್ತೀರಿ. 1986ರ ‘ಕ್ರೊಕೊಡೈಲ್ ಡಂಡೀ’. ರಾತ್ರಿ ಹೊತ್ತು, ಕಾಡು. ಅಮೆರಿಕದಿಂದ ಬಂದಿರುವ ಪತ್ರಕರ್ತೆಯ ಎದುರಿಗೆ ಕತ್ತಲಿನೊಳಗಿಂದ ಒಬ್ಬ ಮೂಲನಿವಾಸಿ ಯುವಕ ಬಂದು ನಿಲ್ಲುತ್ತಾನೆ. ಮೈಮೇಲೆಲ್ಲ ಬಣ್ಣ. ಆಕೆ ಆಸೆಯಿಂದ ಕ್ಯಾಮೆರಾ ಎತ್ತುತ್ತಾಳೆ. ‘ನನ್ನ ಫೋಟೊ ತೆಗೆಯೋಕಾಗಲ್ಲ’ ಅನ್ನುತ್ತಾನೆ ಅವನು. ಆಕೆ ನಾಲ್ಕು ಪುಸ್ತಕ ಓದಿಕೊಂಡು ಬಂದವಳು. ಬಹಳ ಮರ್ಯಾದೆಯಿಂದ ಕೇಳುತ್ತಾಳೆ: ಫೋಟೊ ತೆಗೆದರೆ ಆತ್ಮ ಹೊರಟುಹೋಗುತ್ತೆ ಅಂತ ನಿಮ್ಮ ನಂಬಿಕೆಯಾ? ಅವನು ಹೇಳುತ್ತಾನೆ: ಅದಲ್ಲ, ಲೆನ್ಸಿನ ಮುಚ್ಚಳ ತೆಗೆದಿಲ್ಲ.

ಈಗ ನೀವು ನಕ್ಕ ಹಾಗೆಯೇ ಜಗತ್ತೆಲ್ಲ ನಕ್ಕಿತು. ಆ ಸಿನಿಮಾ 32 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು. ಈ ಯುವಕನಿಗೆ ಅದರಲ್ಲಿ ಇರುವುದು ಕೆಲವೇ ನಿಮಿಷ. ಅಪ್ಪನ ಒತ್ತಾಯಕ್ಕೆ ಕುಣಿತಕ್ಕೆ ಹೊರಟ ಪೇಟೆ ಹುಡುಗನ ಪಾತ್ರ, ಕಾಡು ಕಂಡರೆ ಆಗದವನು. ಆಡಿದವರು ಡೇವಿಡ್ ಗುಲ್ಪಿಲಿಲ್. ನಿಜವಾಗಿ ಅವರು ಹುಟ್ಟಿ ಬೆಳೆದದ್ದೇ ಕಾಡಿನಲ್ಲಿ.

ಜೋಕು ಒಳ್ಳೆಯದೇ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಅದನ್ನು ಬರೆದವರು ಪಾಲ್ ಹೋಗನ್, ಕೆನ್ ಶೇಡಿ, ಜಾನ್ ಕಾರ್ನೆಲ್. ಮೂವರೂ ಬಿಳಿಯರು. ಆ ಚಿತ್ರಕಥೆ ಆಸ್ಕರಿಗೆ ನಾಮನಿರ್ದೇಶನವನ್ನೂ ಪಡೆಯಿತು. ಹೀಗೆ ಹತ್ತಾರು ವರ್ಷ ಬೇರೆಯವರು ಬರೆದ ಮೂಲನಿವಾಸಿಯನ್ನು ಆಡಿದ ಮನುಷ್ಯ, ಅರವತ್ತರ ಹತ್ತಿರ ಬಂದಾಗ ತಾನೇ ಬರೆಯುವವನಾದ. ಹೇಗಾದ, ಆ ದಾರಿ ಎಷ್ಟು ಅಂಕುಡೊಂಕಾಗಿತ್ತು ಅನ್ನುವುದಷ್ಟೇ ನನ್ನ ವಿಷಯ. ನಟ ಗುಲ್ಪಿಲಿಲ್ ಬಗ್ಗೆ ಬೇಕಾದಷ್ಟು ಜನ ಮಾತಾಡಿದ್ದಾರೆ. ಲೇಖಕ ಗುಲ್ಪಿಲಿಲ್ ಅಂದರೆ ಹುಬ್ಬೇರಿಸುತ್ತಾರೆ.

ಮೊದಲು ಹೆಸರಿನ ವಿಚಾರ ಮುಗಿಸೋಣ, ಯಾಕೆಂದರೆ ಕೊನೆಯಲ್ಲಿ ಮತ್ತೆ ಅಲ್ಲಿಗೇ ಬರುತ್ತೇವೆ. ‘ಡೇವಿಡ್’ ಹೊರಗಿನವರು ಕೊಟ್ಟ ಹೆಸರು. ‘ಗುಲ್ಪಿಲಿಲ್’ ಅಂದರೆ ಮಿಂಚುಳ್ಳಿ. ಹುಟ್ಟಿದ ದಿನ 1953ರ ಜುಲೈ 1 ಅಂತ ಬರೆದಿರುತ್ತಾರೆ, ಅದೂ ಹೊರಗಿನವರ ಅಂದಾಜು. ನಮ್ಮಲ್ಲಿ ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ 1 ಅಂತ ಬರೆದುಕೊಳ್ಳುತ್ತಿದ್ದರಲ್ಲ, ಹಾಗೆ. ಊರು ಆಸ್ಟ್ರೇಲಿಯಾದ ಉತ್ತರ ತುದಿಯ ಆರ್ನೆಮ್ ಲ್ಯಾಂಡ್. ಜನ ಯೋಲ್ಙು.

ಈ ‘ಯೋಲ್ಙು’ ಪದವನ್ನು ಇಂಗ್ಲಿಷಿನವರು ಬರೆಯಲು ಒದ್ದಾಡುತ್ತಾರೆ. ನಮಗೆ ಆ ಕಷ್ಟವಿಲ್ಲ. ಒಂದನೇ ಕ್ಲಾಸಿನಲ್ಲಿ ಕಲಿತು ಆಮೇಲೆ ಜೀವಮಾನದಲ್ಲಿ ಬಳಸದೇ ಇರುವ ಒಂದು ಅಕ್ಷರ ನಮ್ಮಲ್ಲಿದೆ, ಙ. ಅದಕ್ಕೊಂದು ಕೆಲಸ ಸಿಕ್ಕಿದೆ ನೋಡಿ. ಇಷ್ಟೇ ಅಲ್ಲ, ಆ ಭಾಷೆಗಳಲ್ಲಿ ನಾಲಿಗೆ ಮಡಿಚಿ ಹೇಳುವ ಟ, ಡ, ಣ, ಳ ಎಲ್ಲ ಇವೆ. ಇದನ್ನೆಲ್ಲ ಕಂಡು 19ನೇ ಶತಮಾನದಲ್ಲಿ ಕಾಲ್ಡ್‌ವೆಲ್ ಥರದ ಭಾಷಾ ಪಂಡಿತರು ದ್ರಾವಿಡ ಭಾಷೆಗಳಿಗೂ ಅವಕ್ಕೂ ನಂಟಿರಬಹುದೇ ಅಂತ ಯೋಚಿಸಿದ್ದುಂಟು. ಇವತ್ತಿನ ಭಾಷಾವಿಜ್ಞಾನಿಗಳು ಒಪ್ಪುವುದಿಲ್ಲ. ನಾನೂ ನಂಟು ಬೆಳೆಸಲು ಹೊರಟಿಲ್ಲ. ಆದರೆ ಅವರ ಸಿನಿಮಾ ನೋಡುವಾಗ ಕಿವಿ ತೆರೆದಿಟ್ಟುಕೊಳ್ಳಿ. ಇಂಗ್ಲಿಷ್ ಕಿವಿಗೆ ಕೇಳದ ಎಷ್ಟೋ ದನಿ ನಿಮಗೆ ಸಲೀಸಾಗಿ ಕೇಳುತ್ತವೆ.

1969ರಲ್ಲಿ ನಿಕೊಲಸ್ ರೋಗ್ ಎಂಬ ಬ್ರಿಟಿಷ್ ನಿರ್ದೇಶಕ ತನ್ನ ಚಿತ್ರಕ್ಕೆ ಒಬ್ಬ ಹುಡುಗನನ್ನು ಹುಡುಕುತ್ತ ಮನಿಂಗ್ರಿಡಾ ಎಂಬ ಊರಿಗೆ ಬಂದ. ಹದಿನಾರರ ಆಸುಪಾಸಿನ ಹುಡುಗನೊಬ್ಬ ಅಲ್ಲಿ ಚೆನ್ನಾಗಿ ಕುಣಿಯುತ್ತಿದ್ದ. ಅವನನ್ನೇ ಆರಿಸಿಕೊಂಡ. ಇಂಗ್ಲಿಷ್ ಅಷ್ಟಕ್ಕಷ್ಟೆ, ಆದರೆ ಸುತ್ತಮುತ್ತಲಿನ ಹಲವು ಭಾಷೆ ಆ ಹುಡುಗನ ನಾಲಿಗೆಯ ಮೇಲಿದ್ದವು. ಕಾಲವನ್ನು ನೆನಪಿಡಿ. ಮೂಲನಿವಾಸಿಗಳನ್ನು ದೇಶದ ಜನಗಣತಿಯ ಲೆಕ್ಕಕ್ಕೆ ಸೇರಿಸಬೇಕು ಅಂತ ಜನಮತಗಣನೆ ನಡೆದದ್ದು 1967ರಲ್ಲಿ, ಅಂದರೆ ಕೇವಲ ಎರಡು ವರ್ಷ ಮೊದಲು. ಸಿನಿಮಾದಲ್ಲಿ ಬಿಳಿಯ ನಟರಿಗೇ ಕಪ್ಪು ಬಣ್ಣ ಬಳಿದು ಮೂಲನಿವಾಸಿ ಅನ್ನುತ್ತಿದ್ದ ಕಾಲ ಅದು. 1955ರ ‘ಜೆಡ್ಡಾ’ದಲ್ಲಿ ಮುಖ್ಯ ಪಾತ್ರಗಳಿಗೆ ಮೊದಲ ಸಲ ಮೂಲನಿವಾಸಿಗಳನ್ನೇ ಹಾಕಿಕೊಂಡರು, ಸರಿ. ಆದರೆ ಅದೇ ಚಿತ್ರದ ಮಿಶ್ರ ರಕ್ತದ ಒಂದು ಪಾತ್ರಕ್ಕೆ ಮತ್ತೆ ಬಣ್ಣ ಬಳಿದ ಬಿಳಿಯನೇ ಬಂದ. 1972ರ ಟೀವಿ ಧಾರಾವಾಹಿ ‘ಬೋನಿ’ಯಲ್ಲೂ ಅದೇ ಕಥೆ.

ರೋಗ್ ಮಾಡಿದ ಚಿತ್ರ ‘ವಾಕ್‌ಅಬೌಟ್’, 1971ರಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವಕ್ಕೆ ಹೋಯಿತು. ಮರುಭೂಮಿಯಲ್ಲಿ ದಿಕ್ಕು ತಪ್ಪಿದ ಬಿಳಿಯ ಅಕ್ಕ, ತಮ್ಮ. ಅವರಿಗೆ ಸಿಗುವ ಮೂಲನಿವಾಸಿ ಹುಡುಗ. ಅವನು ನೀರು ತೋರಿಸುತ್ತಾನೆ, ಬೇಟೆಯಾಡಿ ತಿನ್ನಿಸುತ್ತಾನೆ, ದಾರಿ ನಡೆಸುತ್ತಾನೆ. ಮಾತೂ ಆಡುತ್ತಾನೆ, ಬಹಳಷ್ಟು ಆಡುತ್ತಾನೆ. ಆದರೆ ಒಂದಕ್ಕೂ ಸಬ್‌ಟೈಟಲ್ ಇಲ್ಲ! ಅಕ್ಕ, ತಮ್ಮನಿಗೆ ಅರ್ಥವಾಗದ್ದು ನೋಡುವವರಿಗೂ ಅರ್ಥವಾಗಬಾರದು ಅನ್ನುವುದು ಆ ಚಿತ್ರ ಕಟ್ಟಿದ ರೀತಿ. ಕಲೆಯ ದೃಷ್ಟಿಯಿಂದ ಅದನ್ನು ಸಮರ್ಥಿಸಬಹುದು, ನಾನೇ ಹಿಂದೊಮ್ಮೆ ಇದೇ ಥರದ ಸಭೆಯಲ್ಲಿ ಸಮರ್ಥಿಸಿದ್ದೇನೆ. ಆದರೆ ಅವನ ಮಾತು ಗೊತ್ತಿರುವ ಒಬ್ಬ ಯೋಲ್ಙು ಅಜ್ಜಿ ಆ ಚಿತ್ರ ನೋಡಿದರೆ? ಆಕೆಗೆ ಅದು ಬೇರೆಯೇ ಸಿನಿಮಾ. ಅಂಥ ಅಜ್ಜಿಯೊಬ್ಬಳು ನೋಡಬಹುದು ಅಂತ ಆಗ ಯಾರ ತಲೆಗೂ ಬಂದಂತೆ ಕಾಣುವುದಿಲ್ಲ.

ಚಿತ್ರದ ಕೊನೆಯ ಕಡೆ ಹುಡುಗ ಮೈಗೆ ಬಣ್ಣ ಬಳಿದುಕೊಂಡು, ಗರಿ ಕಟ್ಟಿಕೊಂಡು ಆ ಹುಡುಗಿಯ ಮುಂದೆ ಕುಣಿಯುತ್ತಾನೆ. ಅದು ಹೆಣ್ಣು ಕೇಳುವ ಕುಣಿತ. ಅವಳಿಗೆ ತಿಳಿಯುವುದಿಲ್ಲ, ಹೆದರಿ ಮನೆಯೊಳಗೆ ಸೇರಿಕೊಳ್ಳುತ್ತಾಳೆ. ಅವನು ಕುಣಿಯುತ್ತಲೇ ಇರುತ್ತಾನೆ. ಕಾಲು ಸೋಲುತ್ತದೆ, ಕಣ್ಣು ಸೋಲುತ್ತದೆ, ಬೆಳಗಾಗುವ ಹೊತ್ತಿಗೆ ಹೆಣವಾಗಿರುತ್ತಾನೆ. ಒಂದು ಪದವೂ ತಿಳಿಯದೆ ಕೂತ ನಮಗೆ ಆ ಮೈಯ ಮಾತು ಪೂರ್ತಿ ತಿಳಿಯುತ್ತದೆ. ನಟನಾ ಶಾಲೆ ಯಾವುದೂ ಆ ಹುಡುಗನಿಗೆ ಇದನ್ನು ಕಲಿಸಿರಲಿಲ್ಲ.

ಇಷ್ಟು ಆಡಿದವನ ಹೆಸರು ಟೈಟಲ್ ಕಾರ್ಡಿನಲ್ಲಿ ಹೇಗೆ ಬಂತು ಗೊತ್ತೇ? ‘ಡೇವಿಡ್ ಗುಂಪಿಲಿಲ್’. ತಪ್ಪಾಗಿ. ಜಗತ್ತು ಸುತ್ತಿದ ಪ್ರಿಂಟುಗಳಲ್ಲಿ ಹಾಗೇ ಉಳಿಯಿತು.

ಆಮೇಲಿನ ಹದಿನೈದು ವರ್ಷವನ್ನು ನಾನು ಬೇಗ ದಾಟಿಬಿಡುತ್ತೇನೆ, ಕ್ಷಮೆಯಿರಲಿ. 1976ರಲ್ಲಿ ‘ಸ್ಟಾರ್ಮ್ ಬಾಯ್’, ದಕ್ಷಿಣ ಆಸ್ಟ್ರೇಲಿಯಾದ ಕೂರೊಂಗ್ ಕರಾವಳಿ, ಒಬ್ಬ ಹುಡುಗ, ಅವನು ಸಾಕಿದ ಹೆಜ್ಜಾರ್ಲೆ. ಗುಲ್ಪಿಲಿಲ್ ಅದರಲ್ಲಿ ಫಿಂಗರ್‌ಬೋನ್ ಬಿಲ್. ಆಸ್ಟ್ರೇಲಿಯಾದ ಒಂದಿಡೀ ತಲೆಮಾರಿನ ಮಕ್ಕಳಿಗೆ ಅವರು ಗೊತ್ತಾದದ್ದು ಹೀಗೆ. ಅದೇ ವರ್ಷ ‘ಮ್ಯಾಡ್ ಡಾಗ್ ಮಾರ್ಗನ್’, ಹಾಲಿವುಡ್ಡಿನ ಡೆನ್ನಿಸ್ ಹಾಪರ್ ಜೊತೆ. 1977ರಲ್ಲಿ ಪೀಟರ್ ವಿಯರ್ ಅವರ ‘ದ ಲಾಸ್ಟ್ ವೇವ್’, ಸಿಡ್ನಿಯ ವಕೀಲನ ಕನಸಿನೊಳಗೆ ಬಂದು ನಿಲ್ಲುವ ಕ್ರಿಸ್ ಲೀ. ದೇಶ ಸುತ್ತಿದರು, ರಾಣಿಯನ್ನು ಕಂಡರು, ದೊಡ್ಡ ದೊಡ್ಡವರ ಜೊತೆ ಕೂತು ಉಂಡರು, ಕುಡಿಯುವುದನ್ನೂ ಕಲಿತರು. 1987ರಲ್ಲಿ ಸರ್ಕಾರ ‘ಆರ್ಡರ್ ಆಫ್ ಆಸ್ಟ್ರೇಲಿಯಾ’ ಗೌರವ ಕೊಟ್ಟಿತು. 1979ರಲ್ಲಿ ಅವರು ಹೇಳಿದ ಕಥೆಗಳ ಒಂದು ಪುಸ್ತಕವೂ ಬಂತು. ಕಥೆ ಇವರದು, ಸಂಗ್ರಹಿಸಿ ಬರೆದುಕೊಂಡವರು ಬೇರೆ. ಇದನ್ನು ಸ್ವಲ್ಪ ಮನಸ್ಸಿನಲ್ಲಿಟ್ಟುಕೊಳ್ಳಿ.

ಈ ಪಾತ್ರಗಳನ್ನೆಲ್ಲ ಸಾಲಾಗಿ ಇಟ್ಟು ನೋಡಿದರೆ ಒಂದು ವಿಷಯ ಕಣ್ಣಿಗೆ ಹೊಡೆಯುತ್ತದೆ. ಎಲ್ಲದರಲ್ಲೂ ಅವರ ಕೆಲಸ ಬಿಳಿಯರಿಗೆ ದಾರಿ ತೋರಿಸುವುದು. ಮರುಭೂಮಿಯ ದಾರಿ, ಕಾಡಿನ ದಾರಿ, ಇಲ್ಲವೇ ಕನಸಿನ ದಾರಿ. ದಾರಿ ತೋರಿಸಿದ ಮೇಲೆ ಕಥೆಗೆ ಅವರು ಬೇಕಿಲ್ಲ.

ಇದು ತನ್ನ ತುದಿ ಮುಟ್ಟುವುದು 2002ರಲ್ಲಿ. ಆ ಒಂದೇ ವರ್ಷ ಎರಡು ಚಿತ್ರ, ಎರಡರಲ್ಲೂ ಅವರು ಪೊಲೀಸರ ಪರವಾಗಿ ಹೆಜ್ಜೆ ಗುರುತು ಹಿಡಿಯುವವನು. ‘ರ‍್ಯಾಬಿಟ್ ಪ್ರೂಫ್ ಫೆನ್ಸ್’ ನೀವು ನೋಡಿರಬಹುದು. 1931ರ ಕಥೆ. ತಾಯಿಯಿಂದ ಕಿತ್ತು ತಂದು ಸರ್ಕಾರಿ ವಸತಿಯಲ್ಲಿಟ್ಟ ಮೂವರು ಹುಡುಗಿಯರು ತಪ್ಪಿಸಿಕೊಂಡು, ಮೊಲ ತಡೆಯಲು ಹಾಕಿದ ಬೇಲಿಯ ಗುಂಟ ಮನೆಗೆ ನಡೆಯುತ್ತಾರೆ, ಸುಮಾರು 2400 ಕಿಲೋಮೀಟರ್. ಅವರ ಬೆನ್ನು ಹತ್ತುವವನು ಮೂಡೂ. ಅವನ ಮಗಳೂ ಅದೇ ವಸತಿಯಲ್ಲಿದ್ದಾಳೆ, ಅದಕ್ಕೇ ಅವನು ಈ ಕೆಲಸ ಬಿಟ್ಟು ಹೋಗುವಂತಿಲ್ಲ. ಗುಲ್ಪಿಲಿಲ್‌ಗೆ ಇದರಲ್ಲಿ ಮಾತೇ ಇಲ್ಲ ಅನ್ನಬೇಕು. ಕುದುರೆಯ ಮೇಲೆ ಕೂತು ನೆಲ ನೋಡುತ್ತಾರೆ. ಒಂದು ಕಡೆ ಹುಡುಗಿ ಗುರುತು ಅಳಿಸಿ ತಪ್ಪಿಸಿಕೊಂಡಿದ್ದಾಳೆ ಅಂತ ಗೊತ್ತಾಗುತ್ತದೆ. ಆಗ ಅವರ ಮುಖದಲ್ಲಿ ಏನೋ ಒಂದು ಸುಳಿದು ಹೋಗುತ್ತದೆ. ನಗು ಅಂದರೆ ಜಾಸ್ತಿಯಾಯಿತು. ಜಾಣೆ ಕಣೇ ನೀನು ಅನ್ನುವಂಥದ್ದು. ಹಿಡಿಯಬೇಕಾದವನೇ ಒಳಗೊಳಗೆ ‘ಓಡು’ ಅನ್ನುತ್ತಿರುವುದು ಆ ಅರೆಗಳಿಗೆಯಲ್ಲಿ ಕಾಣುತ್ತದೆ.

ನಾಗರಹೊಳೆ ಕಡೆಯವರಿಗೆ ಈ ಪಾತ್ರವನ್ನು ಬಿಡಿಸಿ ಹೇಳಬೇಕಿಲ್ಲ. ಕಾಡಿನಿಂದ ಎಬ್ಬಿಸಿದ ಜೇನುಕುರುಬರನ್ನೇ ಅದೇ ಕಾಡಿನಲ್ಲಿ ವಾಚರು, ಮಾವುತ, ಕಾವಾಡಿ ಅಂತ ಕೆಲಸಕ್ಕಿಟ್ಟುಕೊಳ್ಳುವುದು ಅಲ್ಲಿ ಕಂಡದ್ದೇ. ನೆಲ ಓದುವ ವಿದ್ಯೆ ಅವರದು, ಹುಕುಂ ಮಾತ್ರ ಬೇರೆಯವರದು.

ಇನ್ನೊಂದು ಚಿತ್ರ ‘ದ ಟ್ರ್ಯಾಕರ್’. ನಿರ್ದೇಶಕ ರೋಲ್ಫ್ ಡಿ ಹಿಯರ್. ಈ ಹೆಸರು ಇನ್ನು ಮುಂದೆ ಪದೇ ಪದೇ ಬರುತ್ತದೆ. 1922, ಮೂರು ಜನ ಬಿಳಿಯರು ಕುದುರೆ ಮೇಲೆ, ಅವರ ಮುಂದೆ ನಡೆಯುವ ಒಬ್ಬ ಟ್ರ್ಯಾಕರ್. ಯಾರಿಗೂ ಹೆಸರಿಲ್ಲ, ಹುಚ್ಚು ಹಿಡಿದ ಅಧಿಕಾರಿ, ಹೊಸ ಹುಡುಗ, ಅನುಭವಿ, ಹೀಗೆ. ಗುಂಡು ಹಾರಿಸಿ ಜನರನ್ನು ಕೊಲ್ಲುವ ಜಾಗ ಬಂದಾಗಲೆಲ್ಲ ಡಿ ಹಿಯರ್ ಕ್ಯಾಮೆರಾ ಬಿಟ್ಟು ಒಂದು ವರ್ಣಚಿತ್ರ ತೋರಿಸುತ್ತಾರೆ. ಕೇಳುವುದು ಸದ್ದು ಮಾತ್ರ. ಗುಲ್ಪಿಲಿಲ್ ಇದರ ತುಂಬ ‘ಎಸ್ ಬಾಸ್’ ಅನ್ನುತ್ತ ಹಲ್ಲು ಕಿರಿಯುತ್ತಾರೆ. ಆ ನಗು ದಾಸ್ಯವೇ, ಗೇಲಿಯೇ, ಕಾಯುವಿಕೆಯೇ ಅಂತ ತಿಳಿಯಲು ಚಿತ್ರ ಮುಗಿಯುವವರೆಗೆ ಕೂರಬೇಕು. ಮೂವತ್ತು ವರ್ಷದ ನಂತರ ಮೊದಲ ಸಲ ಇಡೀ ಚಿತ್ರ ಅವರ ಹೆಗಲ ಮೇಲಿತ್ತು. ಆಸ್ಟ್ರೇಲಿಯನ್ ಫಿಲ್ಮ್ ಇನ್‌ಸ್ಟಿಟ್ಯೂಟಿನ ಶ್ರೇಷ್ಠ ನಟ ಪ್ರಶಸ್ತಿ ಬಂತು.

ನನಗೆ ಪ್ರಶಸ್ತಿಗಿಂತ ಮುಖ್ಯವಾದದ್ದು, ಈ ಚಿತ್ರದಿಂದ ಆದ ಸ್ನೇಹ. ಇದಾದ ಮೇಲೆ ಗುಲ್ಪಿಲಿಲ್ ಡಿ ಹಿಯರ್ ಅವರನ್ನು ತಮ್ಮ ಊರು ರಾಮಿಂಗಿನಿಂಗ್‌ಗೆ ಕರೆದರು. ಇಲ್ಲಿ, ನಮ್ಮ ಜನರ ಜೊತೆ, ನಮ್ಮ ಭಾಷೆಯಲ್ಲಿ ಒಂದು ಸಿನಿಮಾ ಮಾಡೋಣ ಅಂದರು. ಏನು ಸಿನಿಮಾ ಅಂತ ಮಾತಾಡುತ್ತಿದ್ದಾಗ, ಹತ್ತು ದೋಣಿ ಬೇಕು ಅಂದರಂತೆ. ಡಿ ಹಿಯರ್‌ಗೆ ತಲೆಬುಡ ತಿಳಿಯಲಿಲ್ಲ. ಆಗ ಗುಲ್ಪಿಲಿಲ್ ಒಂದು ಹಳೆಯ ಫೋಟೊ ತಂದು ಮುಂದೆ ಇಟ್ಟರು.

ಆ ಫೋಟೊದ ಬಗ್ಗೆ ಸ್ವಲ್ಪ ಹೇಳಬೇಕು. ತೆಗೆದವರು ಡೊನಾಲ್ಡ್ ಥಾಮ್ಸನ್ ಎಂಬ ಮಾನವಶಾಸ್ತ್ರಜ್ಞ, 1930ರ ದಶಕದಲ್ಲಿ. ಆರ್ನೆಮ್ ಲ್ಯಾಂಡಿನಲ್ಲಿ ಕೊಲೆಗಳಾಗಿ, ಪೊಲೀಸು ಪಡೆ ಕಳಿಸಿ ಜನರಿಗೆ ಬುದ್ಧಿ ಕಲಿಸಬೇಕು ಅನ್ನುವ ಕೂಗು ಎದ್ದಿದ್ದಾಗ, ಬೇಡ, ನಾನು ಹೋಗಿ ಅವರ ಜೊತೆ ಮಾತಾಡುತ್ತೇನೆ ಅಂತ ಹೋದ ಮನುಷ್ಯ. ಹೋದವರು ಗಾಜಿನ ಪ್ಲೇಟುಗಳಲ್ಲಿ ಸಾವಿರಾರು ಚಿತ್ರ ತೆಗೆದರು. ಅವು ಈಗ ಮೆಲ್ಬರ್ನಿನ ಮ್ಯೂಸಿಯಮ್ಮಿನಲ್ಲಿವೆ. ರಾಮಿಂಗಿನಿಂಗ್ ಜನ ಆ ಕಾಲಕ್ಕೆ ‘ಥಾಮ್ಸನ್ ಟೈಮ್’ ಅಂತಲೇ ಹೇಳುತ್ತಾರೆ, ನಮ್ಮ ಕಡೆ ‘ಪ್ಲೇಗು ಬಂದ ವರ್ಷ’ ಅಂದ ಹಾಗೆ. ಗುಲ್ಪಿಲಿಲ್ ತೋರಿಸಿದ ಫೋಟೊದಲ್ಲಿ ಅರಫುರಾ ಜೌಗಿನ ನೀರಿನ ಮೇಲೆ ಹತ್ತು ಜನ, ಒಬ್ಬೊಬ್ಬರೂ ತೊಗಟೆಯ ದೋಣಿಯಲ್ಲಿ ನಿಂತು ಹುಟ್ಟು ಹಾಕುತ್ತಿದ್ದಾರೆ. ಹೆಬ್ಬಾತಿನ ಮೊಟ್ಟೆ ಹುಡುಕಲು ಹೊರಟವರು.

ಈಗ ಮೊದಲು ಹೇಳಿದ ಜೋಕನ್ನು ನೆನಪಿಸಿಕೊಳ್ಳಿ. ಅಲ್ಲಿ ಮೂಲನಿವಾಸಿ ತನ್ನ ಫೋಟೊ ಬರುವುದಿಲ್ಲ ಅಂತ ಬಿಳಿಯಳಿಗೆ ತಿಳಿಹೇಳುತ್ತಾನೆ. ಇಲ್ಲಿ ಬಿಳಿಯನೇ ತೆಗೆದ ಫೋಟೊವನ್ನು ಕೈಗೆತ್ತಿಕೊಂಡು, ಇದರೊಳಗಿನ ಕಥೆ ನಮಗೆ ಗೊತ್ತು, ಬಾ ಹೇಳುತ್ತೇವೆ ಅನ್ನುತ್ತಾನೆ. ಒಂದು ಫೋಟೊ ಮುಂದಿಟ್ಟು ಹತ್ತು ದೋಣಿ ಬೇಕು ಅಂದದ್ದನ್ನು ನಾನು ಚಿತ್ರಕಥೆಯ ಮೊದಲ ಸಾಲು ಅಂತಲೇ ಎಣಿಸುತ್ತೇನೆ. ಕಾಗದದ ಮೇಲೆ ಬರೆದದ್ದು ಮಾತ್ರ ಬರವಣಿಗೆ ಅನ್ನುವವರು ಒಪ್ಪಲಿಕ್ಕಿಲ್ಲ.

ಹೀಗೆ ಹುಟ್ಟಿದ್ದು 2006ರ ‘ಟೆನ್ ಕನೂಸ್’. ಪೂರ್ತಿ ಆಸ್ಟ್ರೇಲಿಯಾದ ಮೂಲನಿವಾಸಿ ಭಾಷೆಗಳಲ್ಲೇ ಮಾತು ನಡೆಯುವ ಮೊದಲ ಕಥಾಚಿತ್ರ. ಡಿ ಹಿಯರ್ ಜೊತೆ ಅದೇ ಊರಿನ ಪೀಟರ್ ಜಿಗರ್ ನಿರ್ದೇಶಿಸಿದರು. ಚಿತ್ರಕಥೆಗೆ ಡಿ ಹಿಯರ್ ಹೆಸರಿದೆ, ರಾಮಿಂಗಿನಿಂಗ್ ಜನರ ಸಲಹೆಯೊಂದಿಗೆ ಅಂತ ಜೊತೆಗೆ ಬರೆದಿದ್ದಾರೆ. ಪಾತ್ರ ಹಂಚಿದ್ದು ಹೇಗೆ ಅಂತೀರಿ? ಆಡಿಷನ್ ಇಲ್ಲ, ಏನಿಲ್ಲ. ಫೋಟೊದಲ್ಲಿರುವ ಆ ಹತ್ತು ಜನ ಯಾರು ಅಂತ ಊರಿನವರಿಗೆ ಗೊತ್ತು. ಇವನು ನಮ್ಮಜ್ಜ, ಇವನು ನಮ್ಮ ದೊಡ್ಡಪ್ಪನ ಕಡೆಯವನು ಅಂತ ನಂಟಿನ ಲೆಕ್ಕದ ಮೇಲೆ ಯಾರು ಯಾರಾಗಬೇಕು ಅನ್ನುವುದು ತೀರ್ಮಾನವಾಯಿತು. ಗಂಡ, ಹೆಂಡತಿ ಪಾತ್ರಕ್ಕೂ ಅಷ್ಟೆ, ನಿಜದಲ್ಲಿ ವಾವೆ ಕೂಡದವರು ತೆರೆಯ ಮೇಲೂ ಗಂಡ, ಹೆಂಡತಿ ಆಗುವಂತಿಲ್ಲ. ಸೊಂಟದವರೆಗಿನ ನೀರು, ಸೊಳ್ಳೆ, ಜಿಗಣೆ, ಮೇಲಿಂದ ಮೊಸಳೆ. ಮೊಸಳೆ ಕಾಯಲೆಂದೇ ಜನ ನಿಲ್ಲಿಸಿಕೊಂಡು ಶೂಟಿಂಗ್ ನಡೆಸಿದರು. ತೊಗಟೆ ದೋಣಿ ಕಟ್ಟುವುದು ಗೊತ್ತಿದ್ದ ಹಿರಿಯರು ಕಿರಿಯರಿಗೆ ತೋರಿಸಿಕೊಟ್ಟರು. ಸಿನಿಮಾದೊಳಗೂ ಅದೇ ನಡೆಯುತ್ತದೆ, ಅಣ್ಣ ತಮ್ಮನಿಗೆ ದೋಣಿ ಕಟ್ಟುವುದು ಕಲಿಸುತ್ತ, ಮರದ ಮೇಲಿನ ಅಟ್ಟಣೆಯಲ್ಲಿ ಮಲಗಿ ಕಥೆ ಹೇಳುತ್ತಾನೆ. ತಮ್ಮನಿಗೆ ಅಣ್ಣನ ಕಿರಿಯ ಹೆಂಡತಿಯ ಮೇಲೆ ಕಣ್ಣು. ಅಣ್ಣನಿಗೆ ಅದು ಗೊತ್ತು. ಬೈಯುವುದಿಲ್ಲ, ಹೊಡೆಯುವುದಿಲ್ಲ, ದಿನಗಟ್ಟಲೆ ಎಳೆದು ಎಳೆದು ಒಂದು ಪುರಾಣಕಾಲದ ಕಥೆ ಹೇಳುತ್ತಾನೆ. ದೋಣಿಯ ಕಾಲ ಥಾಮ್ಸನ್ ಫೋಟೊದ ಹಾಗೆ ಕಪ್ಪು ಬಿಳುಪು, ಪುರಾಣದ ಕಾಲ ಬಣ್ಣ. ನಾವು ಯಾವಾಗಲೂ ಇದರ ಉಲ್ಟಾ ಮಾಡುತ್ತೇವಲ್ಲವೇ, ಹಳೆಯದು ಅಂದ ತಕ್ಷಣ ಬಣ್ಣ ತೆಗೆದುಬಿಡುತ್ತೇವೆ.

ಆ ತಮ್ಮನ ಪಾತ್ರ ಮಾಡಿದ್ದು ಗುಲ್ಪಿಲಿಲ್ ಮಗ ಜೇಮಿ. ಅಪ್ಪ ತೆರೆಯ ಮೇಲೆ ಇಲ್ಲವೇ ಇಲ್ಲ. ದನಿ ಮಾತ್ರ. ಕಥೆ ಹೇಳುವವನ ದನಿ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ. 2004ರಲ್ಲಿ ಆರ್ಚಿಬಾಲ್ಡ್ ಪ್ರಶಸ್ತಿ, ಅಂದರೆ ಆಸ್ಟ್ರೇಲಿಯಾದಲ್ಲಿ ಭಾವಚಿತ್ರಕ್ಕೆ ಕೊಡುವ ದೊಡ್ಡ ಬಹುಮಾನ, ಕ್ರೇಗ್ ರಡ್ಡಿ ಬರೆದ ಗುಲ್ಪಿಲಿಲ್ ಚಿತ್ರಕ್ಕೆ ಬಂತು. ಹೆಸರು ‘ಎರಡು ಲೋಕಗಳು’. ಇಂಗ್ಲಿಷರ ಮನೆಯ ಹೂಬಳ್ಳಿಯ ವಾಲ್‌ಪೇಪರ್ ಅಂಟಿಸಿ, ಅದರ ಮೇಲೆ ಇದ್ದಿಲಿನಿಂದ ಬರೆದ ಮುಖ. ಇದ್ದಿಲಿನಲ್ಲಿ ಗೀಚಿದ್ದು ರೇಖಾಚಿತ್ರವಾಗುತ್ತದೆಯೇ ಹೊರತು ಬಣ್ಣದ ಚಿತ್ರವಲ್ಲ, ಬಹುಮಾನ ವಾಪಸು ತೆಗೆದುಕೊಳ್ಳಿ ಅಂತ ಇನ್ನೊಬ್ಬ ಕಲಾವಿದರು ಕೋರ್ಟಿಗೆ ಹೋದರು. 2006ರಲ್ಲಿ ಆ ಕೇಸು ಬಿದ್ದುಹೋಯಿತು. ಅದೇ 2004ರಲ್ಲಿ ಅಡಿಲೇಡ್ ಉತ್ಸವದಲ್ಲಿ ಅವರು ತಮ್ಮ ಜೀವನವನ್ನು ತಾವೇ ವೇದಿಕೆಯ ಮೇಲೆ ನಿಂತು ಹೇಳಿದರು. ಏಕವ್ಯಕ್ತಿ ನಾಟಕ, ನೀಲ್ ಆರ್ಮ್‌ಫೀಲ್ಡ್ ನಿರ್ದೇಶನ, ಬರವಣಿಗೆಗೆ ರೆಗ್ ಕ್ರಿಬ್ ಜೊತೆಗೂಡಿದರು. ಅಂದರೆ ಒಂದೇ ವರ್ಷ ಅವರ ಮುಖವನ್ನು ಇನ್ನೊಬ್ಬರು ಬರೆದರು, ಬದುಕನ್ನು ಅವರೇ ಹೇಳತೊಡಗಿದರು. ಮುಖದ ವಿಷಯವೇ ಪತ್ರಿಕೆಗಳಲ್ಲಿ ಹೆಚ್ಚು ಸುದ್ದಿಯಾದದ್ದು.

ಈಗ ಕಷ್ಟದ ಭಾಗ. ಇದನ್ನು ಹೇಳದೆ ಮುಂದೆ ಹೋದರೆ ನಾನು ಅಭಿಮಾನಿ ಸಂಘದ ಕಾರ್ಯದರ್ಶಿಯಾಗಿಬಿಡುತ್ತೇನೆ. ಗುಲ್ಪಿಲಿಲ್ ಕುಡಿತಕ್ಕೆ ಸಿಕ್ಕಿದ್ದರು. ಕುಡಿದ ಒಂದು ರಾತ್ರಿ ಹೆಂಡತಿಯ ಮೇಲೆ ಕೈಮಾಡಿ, ಆಕೆಯ ತೋಳು ಮುರಿಯಿತು. 2011ರಲ್ಲಿ ಜೈಲು ಶಿಕ್ಷೆಯಾಯಿತು. ವಸಾಹತುಶಾಹಿ, ಎರಡು ಲೋಕದ ಇಕ್ಕಟ್ಟು ಅಂತೆಲ್ಲ ಕಾರಣ ಕೊಡುವವರು ಇದ್ದಾರೆ, ಆ ಕಾರಣಗಳೂ ಸುಳ್ಳಲ್ಲ. ಆದರೆ ಮುರಿದದ್ದು ಒಬ್ಬ ಹೆಂಗಸಿನ ತೋಳು. ಕಾರಣಗಳ ಪಟ್ಟಿ ಎಷ್ಟು ಉದ್ದವಾದರೂ ಅದು ಅಳಿಸುವುದಿಲ್ಲ.

ಡಿ ಹಿಯರ್ ಡಾರ್ವಿನ್ ನಗರದ ಜೈಲಿಗೆ ಹೋಗಿ ಅವರನ್ನು ಕಂಡರು. ಮನುಷ್ಯ ಕುಗ್ಗಿಹೋಗಿದ್ದರು. ಏನು ಮಾಡಬೇಕು ಅನಿಸುತ್ತದೆ ಅಂದರೆ, ಸಿನಿಮಾ ಮಾಡಬೇಕು ಅನ್ನುವ ಉತ್ತರ. ಸರಿ, ಇಬ್ಬರೂ ಕೂತು ಮಾತಾಡಿದರು. ಇವರು ಹೇಳುವುದು, ಅವರು ಬರೆದುಕೊಳ್ಳುವುದು. ಆ ಮಾತುಗಳೇ 2013ರ ‘ಚಾರ್ಲೀಸ್ ಕಂಟ್ರಿ’ ಆದವು. ತೆರೆಯ ಮೇಲೆ ಚಿತ್ರಕಥೆ: ರೋಲ್ಫ್ ಡಿ ಹಿಯರ್ ಮತ್ತು ಡೇವಿಡ್ ಗುಲ್ಪಿಲಿಲ್. ಕಾಗುಣಿತ ಸರಿಯಾಗಿತ್ತು. 1979ರ ಪುಸ್ತಕ ನೆನಪಿದೆಯಲ್ಲ? ಅಲ್ಲೂ ಇವರು ಹೇಳಿದರು, ಇನ್ನೊಬ್ಬರು ಬರೆದುಕೊಂಡರು. ಕೆಲಸ ಅದೇ. ಆದರೆ ಈ ಸಲ ಹೇಳುವುದನ್ನೂ ಬರವಣಿಗೆ ಅಂತ ಎಣಿಸಿದರು.

ಚಾರ್ಲಿ ರಾಮಿಂಗಿನಿಂಗ್‌ನಲ್ಲಿರುವ ಮುದುಕ. ಗೆಳೆಯನ ಜೊತೆ ಕಾಡೆಮ್ಮೆ ಹೊಡೆದು ತರುತ್ತಾನೆ. ಬಂದೂಕಿಗೆ ಲೈಸೆನ್ಸ್ ಇಲ್ಲ, ಪೊಲೀಸರು ಬಂದೂಕು ತೆಗೆದುಕೊಳ್ಳುತ್ತಾರೆ. ಆಯ್ತು, ಬಂದೂಕು ನಿಮ್ಮ ಕಾನೂನು, ನಮ್ಮದು ಈಟಿ ಅಂತ ಚಾರ್ಲಿ ಮರ ಹುಡುಕಿ, ಕೆತ್ತಿ, ಬೆಂಕಿಯಲ್ಲಿ ಕಾಯಿಸಿ ನೆಟ್ಟಗೆ ಮಾಡಿ ಒಂದು ಈಟಿ ತಯಾರಿಸುತ್ತಾನೆ. ಕೈಯಲ್ಲಿ ಹಿಡಿದು ಊರೊಳಗೆ ಬರುತ್ತಾನೆ. ಪೊಲೀಸರು ಅದನ್ನೂ ತೆಗೆದುಕೊಳ್ಳುತ್ತಾರೆ, ಅಪಾಯಕಾರಿ ಆಯುಧ ಅಂತ. ಬೇಟೆಯಾಡುವವನಿಗೆ ಈಟಿ ಇಲ್ಲ. ಇದನ್ನು ಹೊರಗಿನ ಚಿತ್ರಕಥೆಗಾರ ಬರೆದಿದ್ದರೆ ಇಲ್ಲೊಂದು ಭಾಷಣ ಇರುತ್ತಿತ್ತು. ಚಾರ್ಲಿ ಭಾಷಣ ಮಾಡುವುದಿಲ್ಲ. ಪೊಲೀಸಿನವನ ಜೊತೆ ಮೊದಲಿನ ಹಾಗೆ ತಮಾಷೆ ಮಾಡುತ್ತಾನೆ, ಅವನಿಗಾಗಿ ಹೆಜ್ಜೆ ಗುರುತೂ ಹಿಡಿದು ಕೊಡುತ್ತಾನೆ. ಮತ್ತೆ ಅದೇ ಟ್ರ್ಯಾಕರ್ ಕೆಲಸ! ಈ ಸಲ ಮಾತ್ರ ಕೂಲಿ ಎಲ್ಲಿ ಅಂತ ಕೇಳುತ್ತಾನೆ.

ಆಮೇಲೆ ಒಂದು ದಿನ ಊಟ, ಮನೆ, ಸರ್ಕಾರ ಎಲ್ಲ ಬಿಟ್ಟು ಕಾಡಿಗೆ ಹೊರಟುಬಿಡುತ್ತಾನೆ, ಹಿಂದಿನವರ ಹಾಗೆ ಬದುಕುತ್ತೇನೆ ಅಂತ. ಕೆಲವು ದಿನ ಚೆನ್ನಾಗಿರುತ್ತದೆ, ಮೀನು ಹಿಡಿಯುತ್ತಾನೆ, ಒಬ್ಬನೇ ಕುಣಿಯುತ್ತಾನೆ. ಮಳೆ ಹಿಡಿಯುತ್ತದೆ. ಎಪ್ಪತ್ತರ ದಶಕದ ಯಾವುದೇ ಸಿನಿಮಾದಲ್ಲಿ ಕಾಡು ಇವನನ್ನು ಕಾಪಾಡುತ್ತಿತ್ತು. ಇಲ್ಲಿ ಕೆಮ್ಮು ಹತ್ತಿ, ನೆನೆದು, ಬಿದ್ದುಕೊಳ್ಳುತ್ತಾನೆ. ವಿಮಾನದಲ್ಲಿ ಡಾರ್ವಿನ್ ಆಸ್ಪತ್ರೆಗೆ ಒಯ್ಯುತ್ತಾರೆ. ಅಲ್ಲಿಂದ ಬೀದಿ, ಕುಡಿತ, ಜೈಲು. ಕಾಡಿನ ಮಗ, ಪ್ರಕೃತಿಯ ಮಡಿಲು ಅನ್ನುವ ಸುಳ್ಳನ್ನು ಇಷ್ಟು ನಿರ್ದಾಕ್ಷಿಣ್ಯವಾಗಿ ಒಡೆದ ಬರಹಗಾರ ಇನ್ನೊಬ್ಬನಿಲ್ಲ ಅಂತ ನನ್ನ ಅನಿಸಿಕೆ. ನಲವತ್ತು ವರ್ಷ ಆ ಸುಳ್ಳನ್ನು ಆಡಿ ತೋರಿಸಿದವರು ಇದೇ ಗುಲ್ಪಿಲಿಲ್ ಅನ್ನುವುದನ್ನು ಮರೆಯಬೇಡಿ.

ಜೈಲಿನಲ್ಲಿ ಒಂದು ದೃಶ್ಯ ಇದೆ. ಚಾರ್ಲಿಯ ತಲೆಗೂದಲು, ಗಡ್ಡ ಬೋಳಿಸುತ್ತಾರೆ. ಕ್ಯಾಮೆರಾ ಮುಖದ ಮು‌ಂದೆ ಕೂತುಬಿಡುತ್ತದೆ, ಕದಲುವುದಿಲ್ಲ. ಮೆಷಿನ್ ಓಡುತ್ತದೆ, ಆ ಬಿಳಿ ಗುಂಗುರು ಕೂದಲು ಬೀಳುತ್ತ ಹೋಗುತ್ತದೆ. ಗುಲ್ಪಿಲಿಲ್ ಏನೂ ಮಾಡುವುದಿಲ್ಲ. ಅಳುವುದಿಲ್ಲ, ಕಣ್ಣು ಮುಚ್ಚುವುದಿಲ್ಲ. ‘ವಾಕ್‌ಅಬೌಟ್’ನಲ್ಲಿ ಮೈಯೆಲ್ಲ ಕುಣಿಸಿ ಹೇಳಿದ್ದನ್ನು ಇಲ್ಲಿ ಸುಮ್ಮನೆ ಕೂತು ಹೇಳುತ್ತಾರೆ. 2014ರ ಕಾನ್‌ನಲ್ಲಿ ‘ಅನ್ ಸರ್ಟೇನ್ ರಿಗಾರ್ಡ್’ ವಿಭಾಗದ ಶ್ರೇಷ್ಠ ನಟ ಪ್ರಶಸ್ತಿ ಅವರಿಗೆ ಸಂದಿತು. ಚಿತ್ರಕಥೆಗೂ ಕೊಡಬೇಕಿತ್ತು ಅಂತ ನನ್ನ ವಾದ, ಕೇಳುವವರಿಲ್ಲ.

2017ರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಪತ್ತೆಯಾಯಿತು. ರಾಮಿಂಗಿನಿಂಗ್‌ನಲ್ಲಿ ಅದಕ್ಕೆ ಚಿಕಿತ್ಸೆ ಇಲ್ಲ. ದಕ್ಷಿಣ ಆಸ್ಟ್ರೇಲಿಯಾದ ಮರ್ರೆ ಬ್ರಿಜ್ ಎಂಬ ಊರಿನಲ್ಲಿ, ತಮ್ಮ ನೆಲದಿಂದ ಎರಡೂವರೆ ಸಾವಿರ ಕಿಲೋಮೀಟರ್ ದೂರದಲ್ಲಿ ಕೊನೆಯ ವರ್ಷಗಳನ್ನು ಕಳೆದರು. 2019ರಲ್ಲಿ ‘ಸ್ಟಾರ್ಮ್ ಬಾಯ್’ ಮತ್ತೆ ತೆಗೆದಾಗ, ಹಿಂದೆ ತಾವು ಮಾಡಿದ ಫಿಂಗರ್‌ಬೋನ್ ಬಿಲ್‌ನ ತಂದೆಯಾಗಿ ಬಂದು ಹೋದರು. 2021ರಲ್ಲಿ ಮೊಲಿ ರೆನಾಲ್ಡ್ಸ್ ನಿರ್ದೇಶನದ ಸಾಕ್ಷ್ಯಚಿತ್ರ ಬಂತು. ಅದರ ಹೆಸರು ‘ಮೈ ನೇಮ್ ಈಸ್ ಗುಲ್ಪಿಲಿಲ್’. ನೇರವಾಗಿ ಕ್ಯಾಮೆರಾ ನೋಡಿ ಮಾತಾಡುತ್ತಾರೆ, ತಮ್ಮ ಸಾವನ್ನೂ ಸೇರಿಸಿ. ಅದೇ ವರ್ಷ ನವೆಂಬರ್ 29ಕ್ಕೆ ತೀರಿಕೊಂಡರು.

ಯೋಲ್ಙು ಜನರಲ್ಲಿ ಸತ್ತವರ ಹೆಸರು ಹೇಳಬಾರದು, ಚಿತ್ರವನ್ನೂ ತೋರಿಸಬಾರದು, ಒಂದಷ್ಟು ಕಾಲವಾದರೂ. ಆಸ್ಟ್ರೇಲಿಯಾದ ಟೀವಿಯಲ್ಲಿ ಕಾರ್ಯಕ್ರಮಕ್ಕೆ ಮುಂಚೆ, ಇದರಲ್ಲಿ ತೀರಿಕೊಂಡವರ ಚಿತ್ರ, ದನಿ ಇರಬಹುದು ಅಂತ ಮೂಲನಿವಾಸಿ ವೀಕ್ಷಕರಿಗೆ ಎಚ್ಚರಿಕೆ ಹಾಕುತ್ತಾರೆ. ಹಾಗಾಗಿ ಸಾವಿನ ಸುದ್ದಿ ಬಂದಾಗ ಅಲ್ಲಿನ ಪತ್ರಿಕೆಗಳು ಗುಲ್ಪಿಲಿಲ್ ಅಂತ ಬರೆಯಲಿಲ್ಲ. ‘ಡೇವಿಡ್ ದಲೈತ್ಙು’ ಅಂತ ಸದ್ಯಕ್ಕೆ ಕರೆಯಲಾಗುವ ನಟ ಅಂತ ಬರೆದವು. ಐವತ್ತು ವರ್ಷದ ಹಿಂದೆ ಅಜಾಗರೂಕತೆಯಿಂದ ತಪ್ಪು ಬರೆದ ಹೆಸರನ್ನು ಈ ಸಲ ಬೇಕೆಂದೇ ಬದಲಿಸಿ ಬರೆದರು, ಕುಟುಂಬದ ಮಾತಿಗೆ ಕಟ್ಟುಬಿದ್ದು. ಮೂಲ ಹೆಸರು ಈಗ ಮರಳಿ ಬಳಕೆಗೆ ಬಂದಿದೆ, ಅದಕ್ಕೇ ನಾನೂ ಇಷ್ಟು ಹೊತ್ತು ಧೈರ್ಯವಾಗಿ ಹೇಳಿದೆ.

ಇನ್ನು ಹತ್ತು ನಿಮಿಷದಲ್ಲಿ ‘ಟೆನ್ ಕನೂಸ್’ ತೋರಿಸುತ್ತೇವೆ. ಶುರುವಿನಲ್ಲಿ ಅವರ ದನಿ ಬರುತ್ತದೆ, ಒಂದಾನೊಂದು ಕಾಲದಲ್ಲಿ ದೂರದ ಒಂದು ದೇಶದಲ್ಲಿ ಅಂತ ಇಂಗ್ಲಿಷ್ ಕಥೆಗಳ ಧಾಟಿಯಲ್ಲೇ ಆರಂಭಿಸಿ, ತಟ್ಟನೆ ತಾವೇ ನಕ್ಕುಬಿಡುತ್ತಾರೆ. ತಮಾಷೆಗೆ ಅಂದೆ, ಇದು ನಿಮ್ಮ ಕಥೆಯಲ್ಲ, ನನ್ನದು ಅನ್ನುತ್ತಾರೆ. ಪ್ರಾಜೆಕ್ಟರಿನವರು ಕೇಳಿದರು, ಈ ಚಿತ್ರಕ್ಕೆ ಹಲವು ಆವೃತ್ತಿ ಇವೆಯಲ್ಲ, ಯಾವುದು ಅಂತ. ಮೂರು ಇವೆ. ನಾವು ನೋಡುವುದು ಇಂಗ್ಲಿಷ್ ನಿರೂಪಣೆ ಇರುವುದು, ಮಾತುಗಳಿಗೆ ಸಬ್‌ಟೈಟಲ್ ಇದೆ. ಎರಡನೆಯದರಲ್ಲಿ ನಿರೂಪಣೆಯೂ ಯೋಲ್ಙು ಭಾಷೆಯದು, ಕೆಳಗೆ ಸಬ್‌ಟೈಟಲ್. ಮೂರನೆಯದು ಊರಿನವರಿಗಾಗಿ ಮಾಡಿದ್ದು. ಎಲ್ಲವೂ ಅವರ ಭಾಷೆಯಲ್ಲಿ. ಅದಕ್ಕೆ ಸಬ್‌ಟೈಟಲ್ ಇಲ್ಲ.